ಸುಸ್ತಿಗೆ ಬೆರ್ರಿ ಹಣ್ಣು: ಪುಣೆಯಲ್ಲಿ ನಾನು ಮಾಡಿದ್ದು

"ಮೇಡಂ, ಬ್ಲೂಬೆರ್ರಿ ತಿಂದ್ರ ಜೀವಕೋಶಕ್ಕ ಶಕ್ತಿ ಬರ್ತದಂತಲ್ರೀ, ಖರೇ ಏನು?" ಕೊಥ್ರೂಡ್‌ನಲ್ಲಿ ಆಹಾರ ಸಲಹೆ ಕೊಡುವ ನನಗೆ ಈಗೀಗ ಈ ಪ್ರಶ್ನೆ ತಪ್ಪಿದ್ದಲ್ಲ. ಕೇಳುವವರು ಹೆಚ್ಚಾಗಿ ಹಿಂಜವಡಿಯ ಐಟಿ ಕಂಪನಿಗಳಲ್ಲಿ ದುಡಿಯುವ ಧಾರವಾಡ, ವಿಜಯಪುರ, ಕಲಬುರಗಿ ಕಡೆಯ ನಮ್ಮವರು. ಬೆಳಿಗ್ಗೆ ಏಳುವಾಗಲೇ ಸುಸ್ತು, ಮಧ್ಯಾಹ್ನ ಮೂರಕ್ಕೆ ಕಣ್ಣು ಎಳೆಯುತ್ತದೆ ಎನ್ನುವವರು. ನಾನು ಮೊದಲು ಕೇಳುವುದು ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಬಿ12, ಥೈರಾಯ್ಡ್ ರಿಪೋರ್ಟ್. ಹಣ್ಣಿನ ಮಾತು ಆಮೇಲೆ.

ಸುಸ್ತಿಗೆ ಹಣ್ಣು ತಿನ್ನುವುದನ್ನು ನನ್ನ ಮೇಲೇ ಮಾಡಿ ನೋಡಿದ್ದೇನೆ. ಫೆರಿಟಿನ್ ತಳ ಕಂಡಿತ್ತು, ಡಾಕ್ಟರು ಕಬ್ಬಿಣದ ಮಾತ್ರೆ ಬರೆದುಕೊಟ್ಟಿದ್ದರು. ಅದರ ಜೊತೆಗೆ ಊಟದ ತಟ್ಟೆಯನ್ನು ಹೇಗೆ ಬದಲಾಯಿಸಬಹುದು ಎಂದು ಯೋಚಿಸುವಾಗ ಬೆರ್ರಿ ಹಣ್ಣಿಗೆ ನಿಜವಾದ ಕೆಲಸ ಸಿಕ್ಕಿತು.

ಜೀವಕೋಶದೊಳಗಿನ ಮೈಟೋಕಾಂಡ್ರಿಯಾಗಳು ನಾವು ತಿಂದ ಅನ್ನ, ರೊಟ್ಟಿ, ಎಣ್ಣೆಯಿಂದ ಬಂದದ್ದನ್ನು ಆಮ್ಲಜನಕದ ಜೊತೆ ಉರಿಸಿ, ಜೀವಕೋಶ ಶಕ್ತಿಗಾಗಿ ಖರ್ಚು ಮಾಡುವ ಎಟಿಪಿ ಎಂಬ ವಸ್ತುವನ್ನು ತಯಾರಿಸುತ್ತವೆ. ಮೈಯಲ್ಲಿ ಒಂದು ಹೊತ್ತಿಗೆ ಇರುವ ಎಟಿಪಿ ತೀರ ಸ್ವಲ್ಪ. ಅದೇ ಖರ್ಚಾಗಿ ಮತ್ತೆ ತಯಾರಾಗಿ, ದಿನದ ಕೊನೆಗೆ ಲೆಕ್ಕ ಹಾಕಿದರೆ ಹೆಚ್ಚುಕಡಿಮೆ ನಮ್ಮ ಮೈತೂಕದಷ್ಟಾಗುತ್ತದೆ. ಈ ಕೆಲಸ ಮಾಡುವ ಪ್ರೋಟೀನುಗಳಲ್ಲಿ ಹಲವಕ್ಕೆ ಕಬ್ಬಿಣ ಬೇಕು. ಕೊಬ್ಬನ್ನು ಮೈಟೋಕಾಂಡ್ರಿಯಾದೊಳಗೆ ಸಾಗಿಸುವ ಕಾರ್ನಿಟಿನ್ ಅನ್ನು ದೇಹ ತಾನೇ ಮಾಡಿಕೊಳ್ಳುತ್ತದೆ, ಅದಕ್ಕೆ ವಿಟಮಿನ್ ಸಿ ಬೇಕು. ಸೊಪ್ಪು, ಕಾಳಿನಲ್ಲಿರುವ ಕಬ್ಬಿಣ ಕರುಳಲ್ಲಿ ಚೆನ್ನಾಗಿ ಹೀರಲ್ಪಡಲೂ ಅದೇ ವಿಟಮಿನ್ ಸಿ ನೆರವಾಗುತ್ತದೆ. 100 ಗ್ರಾಂ ಸ್ಟ್ರಾಬೆರ್ರಿಯಲ್ಲಿ ಅದು ಸುಮಾರು 60 ಮಿಲಿಗ್ರಾಂ ಇದೆ.

ಹಾಗಾಗಿ ನಾನು ಹಣ್ಣನ್ನು ಸಂಜೆಯ ಬಟ್ಟಲಿನಿಂದ ಎತ್ತಿ ಊಟದ ತಟ್ಟೆಗೇ ಹಾಕಿದೆ. ಸಜ್ಜೆ ರೊಟ್ಟಿ, ರಾಜಗಿರಿ ಪಲ್ಯ, ಮಡಿಕೆಕಾಳಿನ ಉಸಳಿ, ಪಕ್ಕದಲ್ಲಿ ಒಂದು ಹಿಡಿ ಸ್ಟ್ರಾಬೆರ್ರಿ. ನಮ್ಮ ಮನೆಯವರು ಮೊದಲ ದಿನ ತಟ್ಟೆ ನೋಡಿ, "ಇದೇನು, ಉಪ್ಪಿನಕಾಯಿ ಬದ್ಲಿ ಹಣ್ಣು ಇಟ್ಟೀಯಲ್ಲ!" ಎಂದು ನಕ್ಕರು. ಈಗ ಅವರೇ ಕೇಳಿ ಹಾಕಿಸಿಕೊಳ್ಳುತ್ತಾರೆ. ಕಷ್ಟವಾದದ್ದು ಹಣ್ಣಲ್ಲ, ಚಹಾ. ಗಲ್ಲಿಗೊಂದು ಅಮೃತತುಲ್ಯ ಚಹಾದಂಗಡಿ ಇರುವ ಊರಿನಲ್ಲಿ ಊಟದ ಹಿಂದೆಮುಂದೆ ಒಂದು ತಾಸು ಚಹಾ ಕುಡಿಯಬೇಡಿ ಎಂದರೆ ಜನ ನನ್ನನ್ನು ವೈರಿಯಂತೆ ನೋಡುತ್ತಾರೆ. ಆದರೆ ಚಹಾದ ಟ್ಯಾನಿನ್ನು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಣ್ಣು ತಿಂದು ಮೇಲೆ ಚಹಾ ಕುಡಿದರೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ.

ಸ್ಟ್ರಾಬೆರ್ರಿ ಕೊಳ್ಳುವುದಕ್ಕೂ ಒಂದು ಕಣ್ಣು ಬೇಕು. ಮಹಾಬಳೇಶ್ವರದ ಹಣ್ಣು (2010ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದದ್ದು) ಘಟ್ಟ ಇಳಿದು ಚಳಿಗಾಲದಲ್ಲಿ ಪುಣೆಯ ಮಂಡಯಿ ಮಾರುಕಟ್ಟೆಗೆ ಬರುತ್ತದೆ. ಡಬ್ಬಿಯ ಮೇಲ್ಸಾಲಿನಲ್ಲಿ ದಪ್ಪನೆಯ, ಹೊಳೆಯುವ ಹಣ್ಣು ಜೋಡಿಸಿರುತ್ತಾರೆ. ನಾನು ಡಬ್ಬಿ ಎತ್ತಿ ತಳ ನೋಡುತ್ತೇನೆ. ಅಲ್ಲಿ ಕೆಂಪು ನೀರು ಕಂಡರೆ ಅಡಿಯ ಸಾಲು ಜಜ್ಜಿ ಹೋಗಿದೆ ಎಂದರ್ಥ. ತೊಟ್ಟಿನ ಸುತ್ತ ಬೆಳ್ಳಗಿದ್ದರೆ ಎಳೆಯದನ್ನೇ ಕಿತ್ತಿದ್ದಾರೆ. ಬಾಳೆಹಣ್ಣಿನಂತೆ ಮನೆಯಲ್ಲಿಟ್ಟರೆ ಹಣ್ಣಾಗುವ ಜಾತಿ ಇದಲ್ಲ, ಗಿಡದಲ್ಲಿ ಆದಷ್ಟೇ. ತೊಟ್ಟು ತೆಗೆಯದೆ, ತಿನ್ನುವ ಮುಂಚೆಯಷ್ಟೇ ತೊಳೆಯುತ್ತೇನೆ. ಮೊದಲೇ ತೊಳೆದಿಟ್ಟರೆ ಮರುದಿನಕ್ಕೆ ಬೂಸ್ಟು ಹಿಡಿಯುತ್ತದೆ. ಫೆಬ್ರವರಿಯಲ್ಲಿ ಬೆಲೆ ಇಳಿದಾಗ ತುಸು ಜಾಸ್ತಿ ತಂದು, ತೊಳೆದು ಒರೆಸಿ, ತಾಟಿನಲ್ಲಿ ಬಿಡಿಬಿಡಿಯಾಗಿ ಫ್ರೀಜರಿನಲ್ಲಿಟ್ಟು, ಗಟ್ಟಿಯಾದ ಮೇಲೆ ಡಬ್ಬಿಗೆ ತುಂಬುತ್ತೇನೆ. ಕ್ರಶ್, ಜಾಮ್ ನನ್ನ ಪಟ್ಟಿಯಲ್ಲಿಲ್ಲ. ಕುದಿಸಿದಾಗ ವಿಟಮಿನ್ ಸಿ, ಬಣ್ಣದ ಅಂಶ ಎರಡೂ ಸಾಕಷ್ಟು ಹಾಳಾಗುತ್ತವೆ, ಉಳಿಯುವುದು ಮುಖ್ಯವಾಗಿ ಸಕ್ಕರೆ.

ಬಣ್ಣದ ಅಂಶ ಅಂದೆನಲ್ಲ, ಅದೇ ಆಂಥೋಸಯನಿನ್. ಜಾಹೀರಾತುಗಳು ಓಡುವುದು ಇದರ ಮೇಲೆ. ಅದು ನೇರವಾಗಿ ಜೀವಕೋಶಕ್ಕೆ ಹೋಗಿ ರಿಪೇರಿ ಮಾಡುತ್ತದೆ ಎಂಬಂತೆ ಹೇಳುತ್ತಾರೆ. ಆದರೆ ಅದು ಇದ್ದ ರೂಪದಲ್ಲೇ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಹೆಚ್ಚಿನದನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಒಡೆದು ಬೇರೆ ರೂಪಕ್ಕೆ ತರುತ್ತವೆ. ಸ್ಟ್ರಾಬೆರ್ರಿ, ರಾಸ್ಪ್‌ಬೆರ್ರಿ, ದಾಳಿಂಬೆ, ಅಕ್ರೋಟಿನಲ್ಲಿರುವ ಎಲಾಜಿಟ್ಯಾನಿನ್ ಎಂಬ ಇನ್ನೊಂದು ಅಂಶದ ಕತೆಯೂ ಅಷ್ಟೇ. ಅದರಿಂದ ಬ್ಯಾಕ್ಟೀರಿಯಾಗಳು ಯುರೋಲಿಥಿನ್-ಎ ಎಂಬುದನ್ನು ಮಾಡುತ್ತವೆ. ಸವೆದ ಮೈಟೋಕಾಂಡ್ರಿಯಾಗಳನ್ನು ಜೀವಕೋಶ ತೆರವು ಮಾಡುವ ಕೆಲಸವನ್ನು ಅದು ಚುರುಕುಗೊಳಿಸುತ್ತದೆ ಎಂದು ಸ್ವಿಟ್ಜರ್ಲೆಂಡಿನ ಲೊಸಾನ್‌ನ ವಿಜ್ಞಾನಿಗಳು 2016ರಲ್ಲಿ ಹುಳು, ಇಲಿಗಳಲ್ಲಿ ತೋರಿಸಿದರು. ಮನುಷ್ಯರಲ್ಲೂ ಆಮೇಲೆ ಪರೀಕ್ಷೆ ನಡೆದಿದೆ, ಆದರೆ ಕೊಟ್ಟದ್ದು ತಯಾರಿಸಿದ ಯುರೋಲಿಥಿನ್, ಹಣ್ಣಲ್ಲ. ಇನ್ನೊಂದು ತೊಡಕು: ಅದನ್ನು ತಯಾರಿಸುವ ಬ್ಯಾಕ್ಟೀರಿಯಾ ಎಲ್ಲರ ಹೊಟ್ಟೆಯಲ್ಲೂ ಇರುವುದಿಲ್ಲ. ಒಂದೇ ಹಣ್ಣನ್ನು ಒಂದೇ ಮನೆಯ ಇಬ್ಬರು ತಿಂದರೂ ಫಲ ಬೇರೆ ಬೇರೆ.

ಅದಕ್ಕೇ ವಿಮಾನದಲ್ಲಿ ಬಂದ ಬ್ಲೂಬೆರ್ರಿಗೆ ದುಡ್ಡು ಸುರಿಯಿರಿ ಎಂದು ನಾನು ಹೇಳುವುದಿಲ್ಲ. ಅದು ಒಳ್ಳೆಯ ಹಣ್ಣೇ. ಆದರೆ ಅದರಲ್ಲಿ ಆಂಥೋಸಯನಿನ್ ಹೇರಳ, ಎಲಾಜಿಟ್ಯಾನಿನ್ ಇಲ್ಲವೆನ್ನುವಷ್ಟು ಕಡಿಮೆ. ಸೊಲ್ಲಾಪುರದ ದಾಳಿಂಬೆ ಆ ಲೆಕ್ಕದಲ್ಲಿ ಮೇಲು, ಅಗ್ಗವೂ ಹೌದು. ಮೇ ತಿಂಗಳಲ್ಲಿ ಪುಣೆ ಹತ್ತಿರದ ಸಿಂಹಗಡ ಕೋಟೆ ಹತ್ತುವಾಗ ದಾರಿಯ ಪಕ್ಕ ಹೆಣ್ಣುಮಕ್ಕಳು ಎಲೆಯ ದೊನ್ನೆಯಲ್ಲಿ ಕವಳಿ ಹಣ್ಣು ಮಾರುತ್ತಾರೆ. ಕಪ್ಪು ಸಿಪ್ಪೆ, ಒಳಗೆ ನೇರಳೆ ಬಣ್ಣದ ತಿರುಳು, ತುಟಿಗೆ ಅಂಟುವ ಹಾಲು. ಅದು ಮುಗಿಯುವ ಹೊತ್ತಿಗೆ ನೇರಳೆ ಹಣ್ಣು, ಚಳಿಗೆ ಬೆಟ್ಟದ ನೆಲ್ಲಿಕಾಯಿ. ಹೀಗೆ ವರ್ಷವಿಡೀ ಒಂದಲ್ಲ ಒಂದು ತಟ್ಟೆಯಲ್ಲಿರುತ್ತದೆ.

ನನ್ನ ಫೆರಿಟಿನ್ ಏರಿತು, ಸುಸ್ತೂ ಇಳಿಯಿತು. ಅದರಲ್ಲಿ ಮಾತ್ರೆಯ ಪಾಲು ಎಷ್ಟು, ಹಣ್ಣಿನದೆಷ್ಟು, ಚಹಾ ದೂರವಿಟ್ಟದ್ದರದೆಷ್ಟು ಎಂದು ಬಿಡಿಸಿ ಹೇಳಲಾಗದು. ಮಾತ್ರೆಯದೇ ದೊಡ್ಡ ಪಾಲು ಎಂದು ನನ್ನ ಅಂದಾಜು, ಹಾಗಾಗಿ ಹಣ್ಣು ಶುರು ಮಾಡಿ ಮಾತ್ರೆ ಬಿಡುತ್ತೇನೆ ಎನ್ನುವವರನ್ನು ವಾಪಸ್ ಡಾಕ್ಟರ ಹತ್ತಿರವೇ ಕಳಿಸುತ್ತೇನೆ. ಸಕ್ಕರೆ ಕಾಯಿಲೆಯವರಿಗೂ ಇದೇ ಮಾತು. ನಮ್ಮ ಅತ್ತೆಯವರು ಊರಿಂದ ಬರುವಾಗ ನೇರಳೆ ಬೀಜದ ಪುಡಿಯ ಸೀಸೆ ತಂದಿದ್ದರು. ಹಣ್ಣು ಎಷ್ಟಾದರೂ ತಿನ್ನಿ ಎನ್ನಲಿಲ್ಲ, ಒಂದು ಹಿಡಿ ಸಾಕು, ಜ್ಯೂಸು ಮಾತ್ರ ಬೇಡ ಎಂದೆ. ಪುಡಿ ಕಪಾಟಿನಲ್ಲಿದೆ, ಮಾತ್ರೆ ಹೊತ್ತಿಗೆ ಸರಿಯಾಗಿ ನಡೆದಿದೆ.