ಸಿಗರೇಟು ಬಿಡಬೇಕಾ? ಮನಸ್ಸಿನ ಬೇಸರವನ್ನೂ ಡಾಕ್ಟರಿಗೆ ಹೇಳಿ

ಕೆಮ್ಮು ಅಂತ ಪಿಎಚ್‌ಸಿಗೆ (ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ) ಹೋದವರು ಬೀಡಿ ಸೇದುವುದನ್ನು ಹೇಗೋ ಒಪ್ಪಿಕೊಳ್ಳುತ್ತಾರೆ. ಯಾವುದರಲ್ಲೂ ಮನಸ್ಸಿಲ್ಲ, ನಿದ್ದೆ ಹತ್ತುತ್ತಿಲ್ಲ ಎನ್ನುವುದನ್ನು ಮಾತ್ರ ನುಂಗಿಕೊಂಡು ಬರುತ್ತಾರೆ. ಎರಡನ್ನೂ ಒಟ್ಟಿಗೇ ಹೇಳಬೇಕು. ಖಿನ್ನತೆ ಇರುವವರಲ್ಲಿ ಸೇದುವವರು ಜಾಸ್ತಿ, ಸೇದುವವರಲ್ಲಿ ಖಿನ್ನತೆಯೂ ಜಾಸ್ತಿ.

"ಸೇದಿದರೆ ಮನಸ್ಸು ಹಗುರ ಆಗುತ್ತೆ" ಅಂತೀರಿ, ಅಲ್ವಾ? ಅದು ಸುಳ್ಳಲ್ಲ. ಆದರೆ ತಂಬಾಕಿನಲ್ಲಿ ಚಟ ಹಿಡಿಸುವ ಅಂಶವಾದ ನಿಕೋಟಿನ್ ರಕ್ತದಲ್ಲಿ ಸುಮಾರು 2 ಗಂಟೆಯೊಳಗೆ ಅರ್ಧಕ್ಕಿಳಿಯುತ್ತದೆ, ಆಗ ಚಡಪಡಿಕೆ, ಸಿಡುಕು ಶುರುವಾಗುತ್ತದೆ, ಮುಂದಿನ ಸಿಗರೇಟು ಆ ಚಡಪಡಿಕೆಯನ್ನಷ್ಟೇ ಅಡಗಿಸುತ್ತದೆ. ಬೇಸರ ಇದ್ದಲ್ಲೇ ಇರುತ್ತದೆ. 2014ರಲ್ಲಿ ಬಿಎಂಜೆ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ 26 ಅಧ್ಯಯನಗಳನ್ನು ಒಟ್ಟಿಗೆ ನೋಡಿದ ವಿಶ್ಲೇಷಣೆಯೊಂದು ಬಂತು. ಬಿಟ್ಟವರಲ್ಲಿ ಖಿನ್ನತೆ, ಆತಂಕ ಕಡಿಮೆಯಾಗಿತ್ತು. ಮೊದಲೇ ಮಾನಸಿಕ ಕಾಯಿಲೆ ಇದ್ದವರಲ್ಲೂ ಅಷ್ಟೇ.

ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ. ಕಳೆದ 2 ವಾರದಲ್ಲಿ ಇಷ್ಟದ ಕೆಲಸದಲ್ಲೂ ಆಸಕ್ತಿ ಹೋಗಿತ್ತಾ? ಮನಸ್ಸು ಕುಗ್ಗಿ, ಮುಂದೇನೂ ಇಲ್ಲ ಅನಿಸಿತ್ತಾ? ಹೆಚ್ಚಿನ ದಿನ ಹೌದು ಅಂತಾದರೆ ಡಾಕ್ಟರಿಗೆ ಅದನ್ನೇ ಹೇಳಿ. ಎದ್ದು ಎಷ್ಟು ಹೊತ್ತಿಗೆ ಮೊದಲ ಸಿಗರೇಟು ಹಚ್ಚುತ್ತೀರಿ ಅಂತಲೂ ಹೇಳಿ, ಅದರ ಮೇಲೆ ಚಟ ಎಷ್ಟು ಗಟ್ಟಿ ಅಂತ ಗೊತ್ತಾಗುತ್ತದೆ.

ಆಮೇಲೆ ಬಿಡುವ ದಿನ ಗೊತ್ತು ಮಾಡಿ. ಸಿಗರೇಟಿನ ಬದಲಿಗೆ ಅಗಿಯಲು ಡಾಕ್ಟರು ನಿಕೋಟಿನ್ ಗಮ್ ಕೊಟ್ಟರೆ ಬಬಲ್ ಗಮ್ ಥರ ಸುಮ್ನೆ ಅಗಿಯಬೇಡಿ. ನಿಧಾನ ಅಗಿದು, ನಾಲಿಗೆ ಚುರುಗುಟ್ಟಿದ ಕೂಡಲೇ ಕೆನ್ನೆಯ ಒಳಗೆ ಒತ್ತಿಟ್ಟುಕೊಳ್ಳಿ. ಚುರುಕು ಹೋದ ಮೇಲೆ ಮತ್ತೆ ಅಗಿಯಿರಿ. ಗಮ್ ಬಾಯಿಗೆ ಹಾಕುವ 15 ನಿಮಿಷ ಮುಂಚಿನಿಂದಲೇ ಕಾಫಿ ಬೇಡ.

ಮೊದಲ ವಾರ ಕಷ್ಟ, ನಿಜ. ಅಳು ಬರಬಹುದು, ಮನೆಯವರ ಮೇಲೆ ರೇಗಬಹುದು, ಅದನ್ನು ಮೊದಲೇ ಹೆಂಡತಿ ಮಕ್ಕಳಿಗೆ ಹೇಳಿಟ್ಟಿರಿ. ಸಾಮಾನ್ಯವಾಗಿ 2ರಿಂದ 4 ವಾರದಲ್ಲಿ ತಗ್ಗುತ್ತದೆ. ತಗ್ಗದಿದ್ದರೆ ಮತ್ತೆ ಡಾಕ್ಟರ ಬಳಿ ಹೋಗಿ.

ಇನ್ನೊಂದು ಮುಖ್ಯ ವಿಷಯ. ಖಿನ್ನತೆಯ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಓಲಾಂಜಪಿನ್, ಕ್ಲೋಜಪಿನ್ ಎಂಬ ಮಾನಸಿಕ ಕಾಯಿಲೆಯ ಔಷಧಿ ತಗೊಳ್ಳುವವರು ಸಿಗರೇಟು ಬಿಡುವ ಮುಂಚೆಯೇ ಡಾಕ್ಟರಿಗೆ ತಿಳಿಸಬೇಕು, ಹೊಗೆ ನಿಂತರೆ ಈ ಔಷಧಿಗಳ ಮಟ್ಟ ರಕ್ತದಲ್ಲಿ ಏರುತ್ತದೆ.

ತಂಬಾಕು ಬಿಡಲು ಸಹಾಯವಾಣಿ 1800-11-2356. ಸಾಯಬೇಕು ಅನಿಸಿದರೆ ತಡಮಾಡದೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ರಾತ್ರಿಯಲ್ಲೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.