ರೋಮ್‌ನಲ್ಲಿ ಸ್ಪೇನ್ ದೊರೆಗಳ ಗುರುತು ಹುಡುಕೋದು ಹೇಗೆ

ರೋಮ್‌ಗೆ ಹೋದೋರು ಕೊಲೋಸಿಯಂ, ವ್ಯಾಟಿಕನ್ ನೋಡ್ಕೊಂಡು ವಾಪಸ್ ಬಂದ್ಬಿಡ್ತಾರೆ. ಇನ್ನೊಂದು ದಿನ ಕೈಲಿದ್ರೆ ದಯವಿಟ್ಟು ಈ ಸುತ್ತು ಹಾಕಿ. 1500ರಿಂದ 1700ರ ತನಕ ಪೋಪ್‌ಗಳ ಊರಲ್ಲಿ ಸ್ಪೇನ್ ದೊರೆಗಳ ಮಾತು ಹೆಂಗೆ ನಡೀತಿತ್ತು ಅನ್ನೋದು ಆ ಬೀದಿಗಳಲ್ಲಿ ಈಗ್ಲೂ ಕಾಣುತ್ತೆ, ಎಲ್ಲಿ ನೋಡ್ಬೇಕು ಅಂತ ಗೊತ್ತಿರ್ಬೇಕು ಅಷ್ಟೇ.

ಹೊರಡೋಕ್ ಮುಂಚೆ ಇಟಲಿ ಮ್ಯಾಪ್ ತೆಗ್ದು ಐದು ನಿಮಿಷ ನೋಡಿ. 1559ರಲ್ಲಿ ಸ್ಪೇನ್-ಫ್ರಾನ್ಸ್ ಒಪ್ಪಂದ ಆದ್ಮೇಲೆ ಮೇಲ್ಗಡೆ ಮಿಲಾನ್ ಸ್ಪೇನ್‌ದು, ಕೆಳಗಡೆ ನೇಪಲ್ಸ್, ಸಿಸಿಲಿ ಸ್ಪೇನ್‌ದು, ಮಧ್ಯದಲ್ಲಿ ಪೋಪ್ ರಾಜ್ಯ. ಬರ ಬಂದ ವರ್ಷ ರೋಮ್‌ನೋರು ಗೋಧಿಗೆ ನೇಪಲ್ಸ್, ಸಿಸಿಲಿ ಕಡೆನೇ ನೋಡ್ಬೇಕಿತ್ತು, ಇದೊಂದು ತಲೇಲಿದ್ರೆ ಮಿಕ್ಕಿದ್ದೆಲ್ಲ ಸುಲಭವಾಗಿ ಅರ್ಥ ಆಗುತ್ತೆ. ಆಮೇಲೆ ಯಾವ ಚರ್ಚ್ ಒಳಗೆ ಹೋದ್ರೂ ಕೇಳ್ಕೋಬೇಕಾದ ಪ್ರಶ್ನೆ ಒಂದೇ, ಇದಕ್ಕೆ ದುಡ್ಡು ಕೊಟ್ಟೋರು ಯಾರು? ಛಾವಣಿ, ಬಾಗಿಲ ಮೇಲ್ಗಡೆ, ಸಮಾಧಿ ಕಲ್ಲು, ಇಲ್ಲೆಲ್ಲ ಸ್ಪೇನ್ ದೊರೆಗಳ ಕೋಟೆ ಮತ್ತು ಸಿಂಹದ ಲಾಂಛನ ಹುಡುಕಿ.

ಬೆಳಿಗ್ಗೆನೇ ಶುರು ಮಾಡಿ, ಯಾಕಂದ್ರೆ ಚಿಕ್ಕ ಚರ್ಚ್‌ಗಳು ಮಧ್ಯಾಹ್ನ ಬಾಗಿಲು ಹಾಕ್ತಾರೆ. ಮೊದ್ಲು ಗುಡ್ಡದ ಮೇಲಿರೋ ಸಾನ್ ಪಿಯೆತ್ರೋ ಇನ್ ಮೊಂತೋರಿಯೋ, ಸ್ಪೇನ್‌ನ ರಾಜ-ರಾಣಿ ಫರ್ಡಿನಾಂಡ್-ಇಸಬೆಲ್ಲಾ ದುಡ್ಡಲ್ಲಿ ಕಟ್ಟಿದ್ದು, ಪಕ್ಕದ ಅಂಗಳದಲ್ಲಿ ಬ್ರಮಾಂತೆ ಅನ್ನೋ ವಾಸ್ತುಶಿಲ್ಪಿಯ ಪುಟ್ಟ ದುಂಡು ಗುಡಿ ಇದೆ, ಅದನ್ನ ನಿಧಾನಕ್ಕೆ ಒಂದು ಸುತ್ತು ಬಂದು ನೋಡಿ, ನಂಗಂತೂ ಇಡೀ ರೋಮ್‌ನಲ್ಲಿ ಇಷ್ಟು ಅಚ್ಚುಕಟ್ಟಾದ ಕಟ್ಟಡ ಇನ್ನೊಂದಿಲ್ಲ ಅನ್ಸುತ್ತೆ.

ಅಲ್ಲಿಂದ ಇಳ್ದು ಕಾಸ್ತೆಲ್ ಸಾಂತಾಂಜೆಲೋ ಕೋಟೆಗೆ. 1527 ಮೇ 6ಕ್ಕೆ ಸ್ಪೇನ್ ದೊರೆ ಐದನೇ ಚಾರ್ಲ್ಸ್‌ನ ಸೈನ್ಯ, ಜರ್ಮನ್ನರು ಸ್ಪ್ಯಾನಿಷರು ಇಟಲಿಯೋರು ಎಲ್ಲ ಸೇರಿ, ಸಂಬಳ ಬಂದಿಲ್ಲ ಅಂತ ಊರನ್ನೇ ಸೂರೆ ಮಾಡಿದ್ರು, ಪೋಪ್ ಏಳನೇ ಕ್ಲೆಮೆಂಟ್ ಎತ್ತರದ ಗೋಡೆ ದಾರೀಲಿ ಓಡಿ ಬಂದು ಈ ಕೋಟೆ ಸೇರ್ಕೊಂಡ, ಅವನನ್ನ ಉಳಿಸೋಕೆ ಹೋಗಿ 147 ಸ್ವಿಸ್ ಕಾವಲುಗಾರರು ಸತ್ತರು. ಸ್ಪೇನ್ ಹಿಡಿತ ಅಂದ್ರೆ ಇದೇ ಅಂತ ತುಂಬಾ ಜನ ತಿಳ್ಕೊಂಡಿದ್ದಾರೆ. ಅಲ್ಲ. ಕತ್ತಿಗಿಂತ ಜಾಸ್ತಿ ಕೆಲ್ಸ ಮಾಡಿದ್ದು ದುಡ್ಡು, ಪೋಪ್‌ನ ಆರಿಸೋ ಕಾರ್ಡಿನಲ್‌ಗಳಿಗೆ ವರ್ಷಾಶನ, ರೋಮ್‌ನ ದೊಡ್ಡ ಮನೆತನದೋರಿಗೆ ಬಿರುದು, ಜಹಗೀರು.

ಈಗ ಪಿಯಾತ್ಸಾ ದಿ ಸ್ಪಾನ್ಯಾ. ಇಲ್ಲಿ ಎಲ್ರೂ ಮೆಟ್ಟಿಲ ಮುಂದೆ ಫೋಟೋ ತಗೋತಾರೆ, ಆದ್ರೆ ಆ ಮೆಟ್ಟಿಲು 1723-26ರಲ್ಲಿ ಒಬ್ಬ ಫ್ರೆಂಚರವನು ಬಿಟ್ಟುಹೋದ ದುಡ್ಡಲ್ಲಿ ಆಗಿದ್ದು, ಮೇಲಿರೋ ಚರ್ಚೂ ಫ್ರೆಂಚರದ್ದೇ. ಸ್ಪೇನ್ ಇರೋದು ಮೆಟ್ಟಿಲಿಗೆ ಬೆನ್ನು ಮಾಡಿ ಎಡಕ್ಕೆ ನಡೆದ್ರೆ ಸಿಗೋ ರಾಯಭಾರಿ ಅರಮನೇಲಿ, 1647ರಲ್ಲಿ ಕೊಂಡ್ಕೊಂಡಿದ್ದು, ಇವತ್ತಿಗೂ ವ್ಯಾಟಿಕನ್‌ಗೆ ಸ್ಪೇನ್ ರಾಯಭಾರ ಕಚೇರಿ ಅದೇ. ನೇಪಲ್ಸ್ ರಾಜ, ಅಂದ್ರೆ ಆಗ ಸ್ಪೇನ್ ದೊರೆನೇ, ಲೆಕ್ಕಕ್ಕೆ ಪೋಪ್‌ನ ಸಾಮಂತ, ಹಂಗಾಗಿ ಪ್ರತಿವರ್ಷ ಜೂನ್ ಕೊನೇಲಿ ಸಂತ ಪೀಟರ್ ಹಬ್ಬಕ್ಕೆ ಅವನ ಪರವಾಗಿ ಒಂದು ಬಿಳಿ ಕುದುರೆ, 7000 ಡುಕಾಟ್ (ಆಗಿನ ನಾಣ್ಯ) ಕಪ್ಪ ಒಪ್ಪಿಸ್ಬೇಕಿತ್ತು. ಕಪ್ಪ ಕೊಡೋನು ತಗ್ಗಬೇಕು ಅಲ್ವಾ? ಇಲ್ಲಿ ಉಲ್ಟಾ, ಅದನ್ನೇ ಭರ್ಜರಿ ಮೆರವಣಿಗೆ ಮಾಡಿ ಇಡೀ ಊರಿಗೆ ತಮ್ಮ ವೈಭವ ತೋರಿಸೋರು. 1788ರ ಹೊತ್ತಿಗೆ ನಿಂತೋಯ್ತು.

ಅಲ್ಲೇ ಚೌಕದ ದಕ್ಷಿಣದ ಕೊನೇಲಿ ಪ್ರಾಪಗಾಂಡಾ ಫೀಡೆ ಕಟ್ಟಡ. ಪರದೇಶದ ಚರ್ಚುಗಳ ಉಸ್ತುವಾರಿ ಸ್ಪೇನ್, ಪೋರ್ಚುಗಲ್ ದೊರೆಗಳ ಕೈಲೇ ಇರೋದು ಸರಿಯಲ್ಲ ಅಂತ 1622ರಲ್ಲಿ ಪೋಪ್ ಮಾಡಿದ ಸಂಸ್ಥೆ. ನಮ್ಮ ಮಂಗಳೂರು ಕಡೆ ಇಗರ್ಜಿಗಳು ಗೋವಾದ ಬಿಷಪ್‌ಗೆ ಸೇರಿದ್ದೋ ಇಲ್ಲಿಂದ ಬಂದೋರಿಗೋ ಅಂತ ಬಹಳ ಕಾಲ ಜಗಳ ನಡೀತಲ್ಲ, ಅದರ ಒಂದು ತುದಿ ಈ ಬಾಗಿಲಲ್ಲಿದೆ.

ಪೋಪ್ ಚುನಾವಣೆಯನ್ನ ಓದೋಕೂ ಒಂದು ರೀತಿ ಇದೆ. ಗೆಲ್ಲೋಕೆ ಮೂರರಲ್ಲಿ ಎರಡು ಪಾಲು ಮತ ಬೇಕು, ಅಂದ್ರೆ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಕೈಲಿದ್ರೆ ಯಾರನ್ನ ಬೇಕಾದ್ರೂ ತಡೀಬೋದು. ಅದಕ್ಕೆ ಗೆದ್ದೋನ್ನ ಬಿಟ್ಟು ಯಾರಿಗೆ ತಪ್ಪಿಸಿದ್ರು ಅಂತ ನೋಡಿ. 1590ರಲ್ಲಿ ಸ್ಪೇನ್ ಕಡೆಯೋರು ಏಳು ಹೆಸರು ಕೊಟ್ಟು ಇವ್ರಲ್ಲೇ ಒಬ್ರಾಗ್ಲಿ ಅಂದ್ರು, ಅವ್ರಲ್ಲೇ ಒಬ್ಬರು ಹದಿನಾಲ್ಕನೇ ಗ್ರೆಗರಿ ಅನ್ನೋ ಹೆಸರಲ್ಲಿ ಪೋಪ್ ಆದ್ರು. 1605ರಲ್ಲಿ ಬರೋನಿಯೋ ಅನ್ನೋ ಕಾರ್ಡಿನಲ್‌ಗೆ ತಪ್ಪಿಸಿದ್ದು ಸಿಸಿಲಿ ಮೇಲೆ ಸ್ಪೇನ್ ದೊರೆಗಿದ್ದ ಧಾರ್ಮಿಕ ಅಧಿಕಾರದ ವಿರುದ್ಧ ಬರೆದಿದ್ದ ಅಂತ.

ಮಧ್ಯಾಹ್ನ ಸಾಂತಾ ಮರಿಯಾ ಮಜ್ಜೋರೆಗೆ ಹೋಗಿ, ಅದು ಬಾಗಿಲು ಹಾಕಲ್ಲ. ಮೊಗಸಾಲೇಲಿ ಸ್ಪೇನ್ ದೊರೆ ನಾಲ್ಕನೇ ಫಿಲಿಪ್‌ನ ಕಂಚಿನ ಪ್ರತಿಮೆ ಇದೆ. ಒಳಗಿನ ಛಾವಣಿಗೆ ಹಾಕಿದ್ದು ಅಮೆರಿಕಾದಿಂದ ಬಂದ ಮೊದಲ ಚಿನ್ನ ಅಂತ ಹೇಳ್ತಾರೆ, ಆ ಚಿನ್ನದ ಹಿಂದಿನ ರಕ್ತ ನೆನಪಾದ್ರೆ ತಲೆ ಎತ್ತಿ ನೋಡೋಕೇ ಕಷ್ಟ ಆಗುತ್ತೆ.

ಸಂಜೆಗೆ ಜೇಸು ಚರ್ಚ್. 1622 ಮಾರ್ಚ್ 12ಕ್ಕೆ ಒಂದೇ ದಿನ ಐದು ಜನಕ್ಕೆ ಸಂತ ಪದವಿ ಕೊಟ್ರು, ಅದ್ರಲ್ಲಿ ನಾಲ್ಕು ಜನ ಸ್ಪೇನ್‌ನೋರು. ಆ ನಾಲ್ವರಲ್ಲಿ ಫ್ರಾನ್ಸಿಸ್ ಕ್ಸೇವಿಯರ್ ಒಬ್ರು. ಒಳಗೆ ಹೋಗಿ ಬಲಗಡೆ ಪೀಠದ ಹತ್ರ ನಿಲ್ಲಿ, ಅಲ್ಲಿರೋದು ಅವರ ಬಲಗೈ. ಮಿಕ್ಕ ದೇಹದ ಹೆಚ್ಚಿನ ಭಾಗ ಹಳೇ ಗೋವಾದಲ್ಲಿದೆ, ಕಾರವಾರದಿಂದ ಬಸ್ಸಲ್ಲಿ ಹೋದ್ರೆ ಒಂದು ದಿನದಲ್ಲಿ ನೋಡ್ಕೊಂಡು ಬರ್ಬೋದು.