ಸಹಿಗಿಂತ ಮೊದಲು ವಿಷಯಪಟ್ಟಿ: ವಿದೇಶಗಳ ಜೊತೆ ವಿದ್ಯಾರ್ಥಿ ವಿನಿಮಯ ಕಟ್ಟಿದ ನನ್ನ ಅನುಭವ

ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಅಧ್ಯಾಪಕ. ಕರ್ನಾಟಕದ ಒಂದು ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಅಂತರರಾಷ್ಟ್ರೀಯ ಸಂಬಂಧಗಳ ವಿಭಾಗದ ಹೊಣೆಯನ್ನು 8 ವರ್ಷ ಹೊತ್ತಿದ್ದೇನೆ. ಹೊಣೆ ವಹಿಸಿಕೊಂಡ ದಿನ ಕಪಾಟಿನಲ್ಲಿ ವಿದ್ಯಾರ್ಥಿ ವಿನಿಮಯಕ್ಕಾಗಿ ವಿದೇಶಿ ವಿಶ್ವವಿದ್ಯಾಲಯಗಳ ಜೊತೆ ಮಾಡಿಕೊಂಡ 19 ಒಡಂಬಡಿಕೆ ಪತ್ರಗಳಿದ್ದವು. ಅವುಗಳಲ್ಲಿ ಒಂದರ ಅಡಿಯಲ್ಲಿ ಮಾತ್ರ ಒಬ್ಬ ವಿದ್ಯಾರ್ಥಿ ಹೋಗಿಬಂದಿದ್ದ.

ಕೆಲಸವನ್ನು ಎಲ್ಲಿಂದ ಆರಂಭಿಸಬೇಕೆಂದು ತಿಳಿದದ್ದು ಆ ಹುಡುಗನ ಕಡತವನ್ನು ಓದಿದಾಗ. ಅವನು ಐದನೆಯ ಸೆಮಿಸ್ಟರಿಗೆ ಜರ್ಮನಿಗೆ ಹೋಗಿ ಐದು ವಿಷಯಗಳಲ್ಲಿ ತೇರ್ಗಡೆಯಾಗಿದ್ದ. ನಮ್ಮ ಪರೀಕ್ಷಾ ವಿಭಾಗ ಎರಡನ್ನು ಮಾತ್ರ ಒಪ್ಪಿಕೊಂಡಿತ್ತು. ಉಳಿದ ಮೂರರ ಹೆಸರು ನಮ್ಮ ಪಠ್ಯಕ್ರಮದಲ್ಲಿ ಇರಲಿಲ್ಲವೆಂಬುದೇ ಕಾರಣ. ಯಾವ ವಿಷಯಕ್ಕೆ ಯಾವುದು ಸಮಾನ ಎಂದು ಅವನು ಹೊರಡುವ ಮೊದಲು ಯಾರೂ ಬರೆದಿಟ್ಟಿರಲಿಲ್ಲ. ಆ ಮೂರು ವಿಷಯಗಳನ್ನು ಅವನು ಕಿರಿಯರ ಜೊತೆ ಕೂತು ಮತ್ತೆ ಓದಿದ, ಒಂದು ವರ್ಷ ತಡವಾಗಿ ಪದವಿ ಪಡೆದ. ಅಂಥ ಸಮಾನ ವಿಷಯಗಳ ಪಟ್ಟಿ, ಅಂದರೆ ವಿಷಯಪಟ್ಟಿ, ಸಿದ್ಧವಾಗದೆ ಯಾವ ಒಡಂಬಡಿಕೆಯನ್ನೂ ಕುಲಪತಿಗಳ ಮುಂದೆ ಸಹಿಗೆ ಇಡಬಾರದೆಂದು ಅಂದೇ ನಿಶ್ಚಯಿಸಿದೆ.

ಮೊದಲು ದಕ್ಷಿಣ ಜರ್ಮನಿಯ ಒಂದು ಅನ್ವಯಿಕ ವಿಜ್ಞಾನಗಳ ವಿಶ್ವವಿದ್ಯಾಲಯವನ್ನು ಆರಿಸಿಕೊಂಡೆವು. ಹೆಸರಿನ ಹಿರಿಮೆಗಿಂತ ಅಲ್ಲಿನ ಉಷ್ಣ ವರ್ಗಾವಣೆಯ ಅಧ್ಯಾಪಕರೂ ನಮ್ಮ ವಿಭಾಗದವರೂ ಒಂದೇ ಬಗೆಯ ಸಂಶೋಧನೆ ಮಾಡುತ್ತಿದ್ದುದೇ ಆ ಆಯ್ಕೆಗೆ ಕಾರಣ. ಇಲ್ಲಿ ಮಧ್ಯಾಹ್ನ ಮೂರೂವರೆ, ಅಲ್ಲಿ ಬೆಳಿಗ್ಗೆ ಹನ್ನೊಂದು ಗಂಟೆಯಾದಾಗ ಇಬ್ಬರೂ ಪಠ್ಯಕ್ರಮಗಳನ್ನು ಎದುರಿಗಿಟ್ಟುಕೊಂಡು ವೀಡಿಯೊ ಕರೆಯಲ್ಲಿ ಅಧ್ಯಾಯ ಅಧ್ಯಾಯವಾಗಿ ಹೋಲಿಸಿದರು. ಉಷ್ಣ ವರ್ಗಾವಣೆ ವಿಷಯಕ್ಕೆ ನಮ್ಮದು ಲ್ಯಾಬ್ ಸೇರಿ 4 ಕ್ರೆಡಿಟ್, ಅವರದು 5. ಅಂಕಿಯನ್ನಷ್ಟೇ ನೋಡಿದರೆ ಅವರದೇ ಹೆಚ್ಚು. ಆದರೆ ಯುರೋಪಿನ ಪದ್ಧತಿಯಲ್ಲಿ ಒಂದು ಕ್ರೆಡಿಟ್ ಎಂದರೆ ತರಗತಿ, ಮನೆಯ ಓದು, ಪರೀಕ್ಷೆಯ ತಯಾರಿ ಎಲ್ಲ ಸೇರಿದ 25ರಿಂದ 30 ಗಂಟೆಗಳ ದುಡಿಮೆ, ವರ್ಷಕ್ಕೆ 60 ಕ್ರೆಡಿಟ್. ನಮ್ಮಲ್ಲಿ ವಾರಕ್ಕೆ ಒಂದು ಗಂಟೆಯ ಪಾಠ ಸೆಮಿಸ್ಟರ್ ಪೂರ್ತಿ ನಡೆದರೆ ಒಂದು ಕ್ರೆಡಿಟ್. ಅವರ ಒಂದು ಸೆಮಿಸ್ಟರಿನ 30 ನಮ್ಮ 20ಕ್ಕೆ ಸಮ ಎಂದು ಹಿಡಿದಾಗ ಅವರ 5 ಕ್ರೆಡಿಟ್ ನಮ್ಮ ಮೂರಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ. ಅಲ್ಲದೆ ಕುದಿಯುವಿಕೆ ಮತ್ತು ಸಾಂದ್ರೀಕರಣದ ಅಧ್ಯಾಯ ಅವರಲ್ಲಿ ಇರಲಿಲ್ಲ. ಹಾಗಾಗಿ ಆ ಒಂದು ಅಧ್ಯಾಯವನ್ನು ವಿದ್ಯಾರ್ಥಿ ನಮ್ಮ ಅಧ್ಯಾಪಕರ ಮಾರ್ಗದರ್ಶನದಲ್ಲಿ ಓದಿ, ಹಿಂದಿರುಗಿದ ಮೇಲೆ ಎರಡು ಪ್ರಯೋಗ ಮಾಡಬೇಕೆಂದು ಬರೆದುಕೊಂಡೆವು. ಹೀಗೆ 14 ವಿಷಯಗಳ ಪಟ್ಟಿ ಮುಗಿಯಲು ಏಳು ತಿಂಗಳು ಹಿಡಿಯಿತು. ಅಧ್ಯಯನ ಮಂಡಳಿಯೂ ವಿದ್ಯಾವಿಷಯಕ ಪರಿಷತ್ತೂ ಒಪ್ಪಿದ ಮೇಲೆಯೇ ಸಹಿಯಾಯಿತು.

ಶ್ರೇಣಿಯ ಪರಿವರ್ತನೆಯನ್ನೂ ಅದೇ ಕಡತಕ್ಕೆ ಸೇರಿಸಿದೆವು. ಜರ್ಮನಿಯಲ್ಲಿ 1.0 ಅತ್ಯುತ್ತಮ, 4.0 ಕನಿಷ್ಠ ತೇರ್ಗಡೆ. ನಮ್ಮಲ್ಲಿ 10 ಅತ್ಯುತ್ತಮ, 4 ತೇರ್ಗಡೆ. ಅಲ್ಲಿ ಬಳಕೆಯಲ್ಲಿರುವ ಬವೇರಿಯಾ ಸೂತ್ರದ ಪ್ರಕಾರ ನಮ್ಮ 8.2 ಅವರ 1.9 ಆಗುತ್ತದೆ, ಅವರ 1.7 ನಮ್ಮ 8.6 ಆಗುತ್ತದೆ. ಈ ಲೆಕ್ಕವನ್ನು ವಿದ್ಯಾರ್ಥಿಗೂ ಪೋಷಕರಿಗೂ ಹೊರಡುವ ಮೊದಲೇ ಕಾಗದದ ಮೇಲೆ ತೋರಿಸುತ್ತೇವೆ. ಅಂಕಪಟ್ಟಿ ಬಂದ ಮೇಲೆ ವಿವರಿಸಹೊರಟರೆ ಯಾರಿಗೂ ನೆಮ್ಮದಿ ಇರುವುದಿಲ್ಲ.

ಅವರ ಚಳಿಗಾಲದ ಸೆಮಿಸ್ಟರಿನ ಪಾಠಗಳು ಅಕ್ಟೋಬರ್ ಸುಮಾರಿಗೆ ಶುರುವಾಗಿ ಪರೀಕ್ಷೆ ಫೆಬ್ರುವರಿಯವರೆಗೆ ಎಳೆಯುತ್ತದೆ. ಅಷ್ಟರಲ್ಲಿ ನಮ್ಮ ಮುಂದಿನ ಸೆಮಿಸ್ಟರ್ ಆರಂಭವಾಗಿರುತ್ತದೆ. ಆದ್ದರಿಂದ ಐದನೆಯ ಸೆಮಿಸ್ಟರನ್ನು ಬಿಟ್ಟು ಏಳನೆಯದಕ್ಕೆ ಕಳಿಸತೊಡಗಿದೆವು. ಎಂಟನೆಯದರಲ್ಲಿ ಪ್ರಾಜೆಕ್ಟ್ ಮತ್ತು ಇಂಟರ್ನ್‌ಶಿಪ್ ಮಾತ್ರ ಇರುವುದರಿಂದ ಕೆಲವು ವಾರ ತಡವಾದರೂ ನಷ್ಟವಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಹಣದ ಪ್ರಶ್ನೆ. ವಿನಿಮಯದಲ್ಲಿ ಪ್ರತಿಯೊಬ್ಬರೂ ತಮ್ಮ ತಮ್ಮ ವಿಶ್ವವಿದ್ಯಾಲಯಕ್ಕೇ ಶುಲ್ಕ ಕಟ್ಟುವುದರಿಂದ ಬೋಧನಾ ಶುಲ್ಕದ ಹೊರೆ ಇರುವುದಿಲ್ಲ. ಆದರೆ ಜರ್ಮನಿಯ ವಿದ್ಯಾರ್ಥಿ ವೀಸಾಕ್ಕೆ ಜೀವನ ವೆಚ್ಚದ ಹಣ ಕೈಯಲ್ಲಿದೆಯೆಂದು ತೋರಿಸಬೇಕು. 2024ರ ಸೆಪ್ಟೆಂಬರಿನಿಂದ ಆ ಮೊತ್ತ ತಿಂಗಳಿಗೆ 992 ಯೂರೊ, ಆರು ತಿಂಗಳಿಗೆ 5,952 ಯೂರೊ. ಆ ವರ್ಷ ಆಯ್ಕೆ ಪಟ್ಟಿಯಲ್ಲಿ ಮೊದಲಿದ್ದವಳು ಬ್ಯಾಡಗಿ ಕಡೆಯ ಮೆಣಸಿನಕಾಯಿ ಬೆಳೆಗಾರರ ಮಗಳು. ಅವಳ ತಂದೆ ನನ್ನ ಕೊಠಡಿಗೆ ಬಂದು, "ಸರ, ಹೊಲಾ ಅಡಾ ಇಡ್ಲಿಕ್ಕೆ ನಾ ತಯಾರ್ ಅದೀನ್ರಿ. ಆದ್ರ ಆಕಿ ಬ್ಯಾಡ ಅಂತಾಳ್ರಿ" ಎಂದರು. ಒಂದು ಸೆಮಿಸ್ಟರಿನ ಓದಿಗಾಗಿ ಹೊಲ ಅಡವಿಡುವ ಸ್ಥಿತಿ ಬಂದರೆ ಅಂಥ ವಿನಿಮಯ ಅನುಕೂಲಸ್ಥರ ಮನೆಯ ಮಕ್ಕಳಿಗಷ್ಟೇ ಎಂದಾಗುತ್ತದೆ, ಅದನ್ನು ನಾನು ಒಪ್ಪಲಾರೆ. ಯುರೋಪಿಯನ್ ಒಕ್ಕೂಟದ ಎರಾಸ್ಮಸ್ ಪ್ಲಸ್ ಯೋಜನೆಯಲ್ಲಿ ಕ್ರೆಡಿಟ್ ಗಳಿಕೆಗಾಗಿ ಹೊರದೇಶದವರನ್ನು ಕರೆಸಿಕೊಳ್ಳಲು ಅನುದಾನವಿದೆ. ಅದಕ್ಕೆ ಅರ್ಜಿ ಹಾಕಬೇಕಾದವರು ಯುರೋಪಿನ ಸಂಸ್ಥೆಯವರು. ನಮ್ಮ ವಿಷಯಪಟ್ಟಿ ತಯಾರಿದ್ದುದರಿಂದ ಅವರು ಅದನ್ನೇ ಆಧಾರವಾಗಿಟ್ಟುಕೊಂಡು ಅರ್ಜಿ ಬರೆದರು. ಅನುದಾನದ ಪತ್ರವೇ ವೀಸಾಕ್ಕೆ ಹಣದ ಪುರಾವೆಯಾಯಿತು. ಅವಳು ಹೋಗಿ ಆರೂ ವಿಷಯಗಳನ್ನು ಮುಗಿಸಿಕೊಂಡು ಬಂದಳು, ಆರೂ ಅಂಕಪಟ್ಟಿಗೆ ಸೇರಿದವು.

ಅಲ್ಲಿಂದ ಬರುವವರು ಕಡಿಮೆ ಎಂಬ ಕೊರತೆ ಇನ್ನೂ ನೀಗಿಲ್ಲ. ಅಲ್ಲಿನ ವಿದ್ಯಾರ್ಥಿಗಳು ಕಡ್ಡಾಯವಾಗಿ ಮಾಡಬೇಕಾದ ಪ್ರಾಯೋಗಿಕ ಸೆಮಿಸ್ಟರನ್ನು ನಮ್ಮ ಲ್ಯಾಬಿನಲ್ಲಿ ಮಾಡಲು ಅವಕಾಶ ಕೊಟ್ಟ ಮೇಲೆ ವರ್ಷಕ್ಕೆ ಇಬ್ಬರು ಮೂವರು ಬರುತ್ತಿದ್ದಾರೆ. ವಿದೇಶಿಯರು ತಂಗಿದ 24 ಗಂಟೆಯೊಳಗೆ ಅವರ ವಿವರವನ್ನು ಸರ್ಕಾರಕ್ಕೆ ಆನ್‌ಲೈನಿನಲ್ಲಿ ಸಲ್ಲಿಸುವ ಹೊಣೆ ಹಾಸ್ಟೆಲಿನದು. ಮೊದಲ ವಿದ್ಯಾರ್ಥಿ ಶನಿವಾರ ರಾತ್ರಿ ಬಂದಿಳಿದಾಗ ಅದನ್ನು ಮಾಡಬಲ್ಲ ಸಿಬ್ಬಂದಿ ರಜೆಯಲ್ಲಿದ್ದರು. ಭಾನುವಾರ ಬೆಳಿಗ್ಗೆ ನಮ್ಮ ವಾರ್ಡನ್ ತಾವೇ ಕಚೇರಿ ತೆರೆದು, ನನಗೆ ಫೋನು ಮಾಡಿ ಕೇಳುತ್ತಾ ಒಂದೊಂದೇ ಕಾಲಂ ತುಂಬಿದರು. ಈಗ ಮೂವರಿಗೆ ಆ ಕೆಲಸ ಕಲಿಸಿದ್ದೇವೆ.

2022ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ವಿದೇಶಿ ಸಂಸ್ಥೆಗಳ ಜೊತೆ ಸೇರಿ ಕೊಡುವ ಜಂಟಿ ಪದವಿ ಮತ್ತು ದ್ವಿಪದವಿಗಳಿಗೆ ಹೊಸ ನಿಯಮ ತಂದಾಗ ನಮ್ಮಲ್ಲೂ ಉತ್ಸಾಹ ಹೆಚ್ಚಿತು. ಜಂಟಿ ಪದವಿಗೆ ಎರಡೂ ಕಡೆ ಕನಿಷ್ಠ ಶೇ 30ರಷ್ಟು ಕ್ರೆಡಿಟ್ ಗಳಿಸಬೇಕು. ಒಂದು ಸೆಮಿಸ್ಟರಿನ ವಿನಿಮಯವನ್ನೇ ಸರಿಯಾಗಿ ನಡೆಸಲಾಗದ ಸಂಸ್ಥೆಗೆ ಅದು ದೂರದ ಮಾತು. ಎರಡೂ ಕಡೆಯ ಅಧ್ಯಾಪಕರು ಜೊತೆಗೂಡಿ ಕೆಲಸ ಮಾಡುವುದೇ ಮೊದಲ ಹೆಜ್ಜೆ. 1959ರಲ್ಲಿ ಜರ್ಮನಿಯ ನೆರವಿನಿಂದ ಮದ್ರಾಸಿನ ಐಐಟಿ ಆರಂಭವಾದಾಗಲೂ ಅಲ್ಲಿನ ಪ್ರಾಧ್ಯಾಪಕರು ಇಲ್ಲಿಗೆ ಬಂದು ಲ್ಯಾಬುಗಳನ್ನು ಕಟ್ಟಿದ್ದರು, ಇಲ್ಲಿನವರು ಅಲ್ಲಿಗೆ ಹೋಗಿ ತರಬೇತಿ ಪಡೆದಿದ್ದರು.

ಕಪಾಟಿನ 19 ಪತ್ರಗಳಲ್ಲಿ 13ನ್ನು ಅವಧಿ ಮುಗಿದಂತೆ ನವೀಕರಿಸದೆ ಬಿಟ್ಟೆವು. ಉಳಿದ ಆರಕ್ಕೂ ಈಗ ವಿಷಯಪಟ್ಟಿ ಇದೆ. ನಮ್ಮ ಪಠ್ಯಕ್ರಮ ಮತ್ತೆ ಬದಲಾಗಿರುವುದರಿಂದ ಉಷ್ಣ ವರ್ಗಾವಣೆಯ ಅಧ್ಯಾಪಕರಿಬ್ಬರೂ ಈ ತಿಂಗಳು ಪುನಃ ಮೂರೂವರೆಯ ಕರೆಗೆ ಕೂರುತ್ತಿದ್ದಾರೆ.